ಮಂಗಳವಿಲ್ಲದ ಆಟ

ಆಟವೆಂಬುದು ಮನುಷ್ಯನಿಗೆ ಏತಕ್ಕೆ ಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಭರತಮುನಿಯ ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದಲ್ಲಿ, ದೇವತೆಗಳು ಬ್ರಹ್ಮನ ಬಳಿಗೆ ಹೋಗಿ, ಕಣ್ಣಿಗೂ ಕಿವಿಗೂ ಒದಗುವ ಒಂದು ಆಟದ ವಸ್ತು ತಮಗೆ ಬೇಕೆಂದು ಕೇಳಿಕೊಂಡರೆಂದಿದೆ. ಬ್ರಹ್ಮಸೂತ್ರಕಾರರು ಜಗತ್ಸೃಷ್ಟಿಯನ್ನೇ ಲೀಲೆಯೆಂದು ಕರೆದರು. ಇನ್ನೊಂದು ಮಗ್ಗುಲಲ್ಲಿ, ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜಿನ ದಾಳಗಳಿಗೆ ಮನಸೋತು ಮನೆಮಾರು ಕಳೆದುಕೊಂಡವನೊಬ್ಬನ ಪ್ರಲಾಪವುಂಟು. ಮನುವಿನ ಧರ್ಮಶಾಸ್ತ್ರವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನೆಣಿಸುವಾಗ ಬೇಟೆ, ಜೂಜು, ಹಗಲುನಿದ್ದೆಗಳ ಜೊತೆಯಲ್ಲಿ ವೃಥಾ ತಿರುಗಾಟವನ್ನೂ ಸೇರಿಸಿದೆ. ಹೀಗೆ ಆಟದ ಸುಖವನ್ನೂ ಆಟದ ಕೇಡನ್ನೂ ನಮ್ಮ ಹಿರಿಯರು ಬಲ್ಲವರೇ. ಆದರೆ ಮೂರನೆಯ ಅವಸ್ಥೆಯೊಂದುಂಟು. ಬೇಸರವನ್ನು ಕಳೆಯುವುದಕ್ಕೆಂದು ಹುಟ್ಟಿದ ಆಟವು ತಾನೇ ಬೇಸರವಾಗಿ, ಆಡುವವನು ಅದು ಬೇಸರವೆಂದು ಬಾಯಿಬಿಟ್ಟು ಒಪ್ಪಿಕೊಂಡು, ಆ ಮೇಲೂ ಅದನ್ನು ಬಿಡದೆ ಆಡುತ್ತಿರುವ ಅವಸ್ಥೆ. ನಾನು ಓದಿದ ಅಲ್ಪಸ್ವಲ್ಪ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರು ನನಗೆ ದೊರೆಯಲಿಲ್ಲ.

ಈ ವಿಚಾರ ನನಗೆ ಹೊಳೆದದ್ದು ಗ್ರಂಥಾವಲೋಕನದಿಂದಲ್ಲ. ಮನೆಯೊಳಗೆ ನಡೆದ ಒಂದು ಅನರ್ಥದಿಂದ. ನಾನು ಮೂವತ್ತೈದು ವರ್ಷ ಹುಡುಗರಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು, ಈಗ ಯಲಹಂಕ ಉಪನಗರದಲ್ಲಿ ವಿಶ್ರಾಂತನಾಗಿರುವವನು. ನನ್ನ ಮಗಳ ಮಗ, ಹತ್ತೊಂಬತ್ತು ವರ್ಷದವನು, ಇಂಜಿನಿಯರಿಂಗ್ ಓದುವುದಕ್ಕೆಂದು ಎರಡು ವರ್ಷದಿಂದ ನಮ್ಮಲ್ಲಿದ್ದಾನೆ. ಸಾಧು ಹುಡುಗ, ಎದುರುತ್ತರ ಕೊಡುವವನಲ್ಲ, ಸೊಪ್ಪು ತಾರೆಂದರೆ ತರುತ್ತಾನೆ, ಬಾಡಿದ್ದನ್ನು ತರುತ್ತಾನೆ ಅಷ್ಟೆ. ಅವನಿಗಿರುವ ಒಂದೇ ಚಟವೆಂದರೆ, ರಾತ್ರಿ ಊಟವಾದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನು ಏರಿಸಿ, ಕಂಪ್ಯೂಟರಿನಲ್ಲಿ ಒಂದು ಆಟವನ್ನಾಡುವುದು.

ವಾಚಕರಲ್ಲಿ ನನ್ನ ವಯಸ್ಸಿನವರಿಗಾಗಿ ಈ ಆಟದ ಸ್ವರೂಪವನ್ನು ಕೊಂಚ ವಿವರಿಸಬೇಕು. ಇದು ಚದುರಂಗದಂತೆ ಇಬ್ಬರ ಆಟವಲ್ಲ, ಇಸ್ಪೀಟಿನಂತೆ ನಾಲ್ವರದೂ ಅಲ್ಲ. ಸಾವಿರಾರು ಜನರು ತಂತಮ್ಮ ಊರುಗಳಲ್ಲಿಯೇ ಕುಳಿತು, ಅಂತರ್ಜಾಲದ ಮೂಲಕ ಒಂದೇ ಕಲ್ಪಿತ ಲೋಕವನ್ನು ಏಕಕಾಲದಲ್ಲಿ ಹೊಗುತ್ತಾರೆ. ಹೊಗುವ ಮುನ್ನ ಪ್ರತಿಯೊಬ್ಬನೂ ಒಂದು ವೇಷವನ್ನು ಆರಿಸಿಕೊಳ್ಳಬೇಕು: ಯೋಧ, ಮಾಂತ್ರಿಕ, ಬೇಟೆಗಾರ, ವೈದ್ಯ, ಹೀಗೆ. ಆ ವೇಷದ ಹೆಸರಿನಿಂದಲೇ ಅಲ್ಲಿಯ ವ್ಯವಹಾರವೆಲ್ಲ. ಕಾಡು, ಬೆಟ್ಟ, ಪೇಟೆ, ಸಂತೆ ಎಲ್ಲವೂ ಅಲ್ಲುಂಟು. ನಾವು ನಿದ್ದೆ ಹೋದಾಗಲೂ ಆ ಲೋಕದ ವ್ಯಾಪಾರ ನಿಲ್ಲುವುದಿಲ್ಲ. ೧೯೭೮ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾನಿಲಯದ ರಾಯ್ ಟ್ರಬ್‌ಷಾ ಎಂಬ ವಿದ್ಯಾರ್ಥಿಯು ಇಂಥದೊಂದನ್ನು ಕಟ್ಟಿದನು. ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಎಂಬವನು ಬೆಳೆಸಿದನು. ಆಗ ಚಿತ್ರವೆಂಬುದೇ ಇರಲಿಲ್ಲ. ದಾರಿ, ಬಾಗಿಲು, ಕತ್ತಲೆ ಎಲ್ಲವೂ ಬರಿಯ ಮಾತಿನಲ್ಲಿ. ಅಷ್ಟರಮಟ್ಟಿಗೆ ಅದು ಕಾವ್ಯಕ್ಕೆ ಹತ್ತಿರವಾಗಿತ್ತು ಎನ್ನಬೇಕು. ಆಮೇಲೆ ೧೯೯೭ರಲ್ಲಿ ಅಲ್ಟಿಮಾ ಆನ್‌ಲೈನ್, ೧೯೯೯ರಲ್ಲಿ ಎವರ್‌ಕ್ವೆಸ್ಟ್, ೨೦೦೪ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂದುವು. ಈ ಕೊನೆಯದಕ್ಕೆ ೨೦೧೦ರ ಹೊತ್ತಿಗೆ ೧ ಕೋಟಿ ೨೦ ಲಕ್ಷ ಚಂದಾದಾರರಿದ್ದರು. ಮೇಲೆ ಹೇಳಿದ ಬಾರ್ಟಲ್ ೧೯೯೬ರಲ್ಲಿ ಒಂದು ಲೇಖನವನ್ನು ಬರೆದು, ಈ ಆಟಕ್ಕೆ ಬರುವವರು ನಾಲ್ಕು ಬಗೆಯೆಂದು ವಿಂಗಡಿಸಿದನು: ಗಳಿಸಲು ಬರುವವರು, ಸುತ್ತಿ ನೋಡಲು ಬರುವವರು, ಜೊತೆ ಬೇಕೆಂದು ಬರುವವರು, ಇನ್ನೊಬ್ಬರನ್ನು ಹೊಡೆಯುವುದಕ್ಕೆಂದೇ ಬರುವವರು. ಈ ನಾಲ್ಕು ಬಗೆಯವರನ್ನೂ ನಾನು ಶಾಲೆಯ ಬಯಲಿನಲ್ಲಿ ಕಂಡಿದ್ದೇನೆ. ಉಪಾಧ್ಯಾಯರ ಕೊಠಡಿಯಲ್ಲಿಯೂ ಕಂಡಿದ್ದೇನೆ.

ಇನ್ನು ನಡೆದ ಸಂಗತಿ. ಕಾರ್ತಿಕ ಮಾಸದ ಒಂದು ಗುರುವಾರ ನಾನು ಆರ್. ಟಿ. ನಗರದ ಬಂಧುಗಳ ಮನೆಗೆ ಹೋಗಿದ್ದವನು, ಹೆಬ್ಬಾಳದ ಮೇಲ್ಸೇತುವೆಯ ವಾಹನಸಂದಣಿಯಲ್ಲಿ ಸಿಕ್ಕಿ ಮನೆ ಸೇರಿದಾಗ ರಾತ್ರಿ ಹತ್ತೂವರೆಯಾಗಿತ್ತು. ನನ್ನ ಹೆಂಡತಿ ಬಚ್ಚಲುಮನೆಯ ಹೊಸ್ತಿಲಲ್ಲಿ ಕಾಲುಜಾರಿ ಬಿದ್ದು, ಎಡಗೈಯ ಮಣಿಕಟ್ಟು ಮುರಿದು, ಗೋಡೆಗೊರಗಿ ಕುಳಿತಿದ್ದಳು. ಹುಡುಗ ಪಕ್ಕದಲ್ಲಿ ಕುಳಿತು ಕೈಗೆ ಬಟ್ಟೆ ಸುತ್ತುತ್ತಿದ್ದನು. ವಿಚಾರಿಸಲಾಗಿ ತಿಳಿದುದು ಇಷ್ಟು: ಬಿದ್ದೊಡನೆ ಅವಳು ಕೂಗಿದಳು, ಅವನಿಗೆ ಕೇಳಿಸಿತು, "ಎರಡು ನಿಮಿಷ ಅಜ್ಜಿ" ಎಂದು ಉತ್ತರವೂ ಬಂತು, ಅವನು ಬಂದದ್ದು ಮಾತ್ರ ಹನ್ನೊಂದು ನಿಮಿಷದ ಮೇಲೆ. ಗಡಿಯಾರ ಅವಳ ಕಣ್ಣೆದುರಿಗೇ ಇದ್ದುದರಿಂದ ಈ ಲೆಕ್ಕದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಏನೋ ಬಿದ್ದ ಸದ್ದು ತನಗೆ ಕೇಳಿಸಿತ್ತೆಂದು ಅವನೇ ಒಪ್ಪಿಕೊಂಡನು.

ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ನಾನಾಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಹುಡುಗ ತಲೆತಗ್ಗಿಸಿ ಎಲ್ಲವನ್ನೂ ಕೇಳಿದನು. ಕೊನೆಗೆ ಒಂದು ಮಾತು ಅಂದನು: "ನಾನು ಎದ್ದುಬಿಟ್ಟಿದ್ರೆ ಹತ್ತೊಂಬತ್ತು ಜನ ಸಾಯ್ತಿದ್ರು, ತಾತ." ನಾನು ನಕ್ಕುಬಿಟ್ಟೆ. ಆ ನಗು ನನ್ನ ಬೈಗುಳಕ್ಕಿಂತ ಹೆಚ್ಚು ನೋಯಿಸಿತೆಂದು ಈಗ ತೋರುತ್ತದೆ. ಆ ಆಟದಲ್ಲಿ ಅವನದು ವೈದ್ಯನ ವೇಷ. ಇಪ್ಪತ್ತು ಜನ ಕೂಡಿ, ಗೊತ್ತುಪಡಿಸಿದ ದಿನ ಗೊತ್ತುಪಡಿಸಿದ ಗಳಿಗೆಗೆ, ಒಬ್ಬ ಮಹಾರಾಕ್ಷಸನ ಮೇಲೆ ದಂಡೆತ್ತಿ ಹೋಗುತ್ತಾರೆ. ಏಟು ತಿಂದವರನ್ನು ಮಂತ್ರದಿಂದ ಉಳಿಸುವುದು ವೈದ್ಯನ ಕೆಲಸ. ಅವನು ಕೈಬಿಟ್ಟರೆ ಉಳಿದವರೆಲ್ಲ ಮಡಿದು, ಎರಡು ಗಂಟೆಯ ಶ್ರಮ ನೀರಿನಲ್ಲಿ ಹೋಮವಾಗುತ್ತದೆ. ಮಡಿಯುವುದೆಂದರೆ ಮತ್ತೇನಲ್ಲ, ಅಲ್ಲಿಯೇ ಎದ್ದು ಮೊದಲಿನಿಂದ ಆರಂಭಿಸುವುದು. ನಾನು ಅಂತರ್ಜಾಲದ ತಂತಿಯನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಅಲ್ಲಿಗೆ ಇದು ಮುಗಿಯಬೇಕಾಗಿತ್ತು. ಆದರೆ ಒಂದು ವಾರದ ಮೇಲೆ, ನಿದ್ರೆ ಹತ್ತದ ಒಂದು ರಾತ್ರಿ, ನನಗೆ ಮತ್ತೊಂದು ಆಟದ ನೆನಪಾಯಿತು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನಾಡುವ ವಾಡಿಕೆಯನ್ನು ವಾಚಕರು ಬಲ್ಲರು. ಆಡುವವರು ವೃತ್ತಿನಟರಲ್ಲ, ಹೊಲ ಉಳುವವರು, ಲಾರಿ ಓಡಿಸುವವರು, ಅಂಗಡಿಯವರು. ಸಂಭಾವನೆ ಪಡೆಯುವುದು ಹಾಗಿರಲಿ, ಪಾತ್ರಕ್ಕಿಷ್ಟೆಂದು ತಾವೇ ಹಣ ಕಟ್ಟುತ್ತಾರೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸೈನಿಕನಿಗೆ ಕಡಮೆ. ಹಾರ್ಮೋನಿಯಂ ಮೇಷ್ಟರನ್ನು ಕರೆಸಿ ತಿಂಗಳುಗಟ್ಟಲೆ ತಾಲೀಮು. ೧೯೮೭ರ ಬೇಸಗೆಯಲ್ಲಿ ರಾಜಾನುಕುಂಟೆಯಿಂದಾಚೆಯ ಒಂದು ಹಳ್ಳಿಯಲ್ಲಿ ಇಂಥ ನಾಟಕವೊಂದು ನಡೆಯಿತು. ಪದ್ಯಗಳ ಉಚ್ಚಾರವನ್ನು ತಿದ್ದುವುದಕ್ಕೆಂದು ಚಿಕ್ಕ ವಯಸ್ಸಿನ ಮೇಷ್ಟರಾದ ನನ್ನನ್ನು ಕರೆದಿದ್ದರಾಗಿ, ನಾನು ಪರದೆಯ ಹಿಂದೆ ಕುಳಿತಿದ್ದೆ. ಕರ್ಣನ ಪಾತ್ರ ಧರಿಸಿದ್ದವನು ನಾಲ್ಕು ಎಕರೆ ರಾಗಿಯ ಹೊಲದ ಒಕ್ಕಲಿಗ. ರಾತ್ರಿ ಎರಡು ಗಂಟೆಯ ಸುಮಾರಿಗೆ ದೊಡ್ಡಬಳ್ಳಾಪುರದಿಂದ ಇಬ್ಬರು ಸೈಕಲ್ಲಿನಲ್ಲಿ ಬಂದು, ಅವನ ಅಣ್ಣ ಆಸ್ಪತ್ರೆಯಲ್ಲಿ ತೀರಿಹೋದನೆಂಬ ಸುದ್ದಿಯನ್ನು ತಂದರು. ಆತ ಕಿರೀಟವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತನು. ಆಮೇಲೆ, ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ತನ್ನ ಹೆಂಡತಿಗೆ ಬೆಳಗಾಗುವ ತನಕ ಹೇಳಬೇಡಿರೆಂದು ಬಂದವರನ್ನು ಬೇಡಿಕೊಂಡು, ಕಿರೀಟ ಧರಿಸಿ ಹೊರಟನು. ಕರ್ಣಾವಸಾನದ ತನಕ ಒಂದು ಪದ್ಯವೂ ತಪ್ಪಲಿಲ್ಲ. ಮಂಗಳ ಹಾಡಿದ ಮೇಲೆ ಬಣ್ಣವನ್ನೂ ಪೂರ್ತಿ ತೊಳೆಯದೆ ಓಡಿದನು. ಈ ಕಥೆಯನ್ನು ನಾನು ಎಷ್ಟು ವರ್ಷ ತರಗತಿಯಲ್ಲಿ ಕರ್ತವ್ಯನಿಷ್ಠೆಗೆ ಉದಾಹರಣೆಯಾಗಿ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ.

ಹಾಗಾದರೆ, ಅಂದು ಹೊಗಳಿದ ನನ್ನ ಬಾಯಿ ಇಂದು ತೆಗಳಿದ್ದೇಕೆ? ಇಬ್ಬರೂ ವೇಷಧಾರಿಗಳು. ಇಬ್ಬರೂ ಜೊತೆಯವರಿಗೆ ಕೊಟ್ಟ ಮಾತನ್ನು ಉಳಿಸಿಕೊಂಡವರು. ಇಬ್ಬರಿಗೂ ಮನೆಯಿಂದ ಕರೆ ಬಂತು, ಇಬ್ಬರೂ ಏಳಲಿಲ್ಲ.

ಸುಲಭವಾದ ಸಮಾಧಾನವೊಂದುಂಟು. ಕರ್ಣನ ವೇಷದವನ ಅಣ್ಣ ಆಗಲೇ ಸತ್ತಿದ್ದನು. ಓಡಿಹೋದರೂ ಆಗಬೇಕಾದದ್ದೇನೂ ಇರಲಿಲ್ಲ. ನನ್ನ ಮನೆಯಾಕೆ ಜೀವಂತವಾಗಿ ನೆಲದ ಮೇಲೆ ಕುಳಿತಿದ್ದಳು. ಈ ಭೇದ ದೊಡ್ಡದೇ. ಹುಡುಗನ ತಪ್ಪು ಇದರಿಂದ ಸಿದ್ಧವಾಗುತ್ತದೆ. ಅದನ್ನು ನಾನು ಇಂದಿಗೂ ತಪ್ಪೆಂದೇ ಹೇಳುತ್ತೇನೆ. ಆದರೆ ನಾನು ನಕ್ಕದ್ದು ಆ ತಪ್ಪಿಗಾಗಿ ಅಲ್ಲವಷ್ಟೆ. ಹತ್ತೊಂಬತ್ತು ಜನರೂ ಸುಳ್ಳು, ಸಾವೂ ಸುಳ್ಳು, ಆದಕಾರಣ ಮಾತೂ ಸುಳ್ಳು ಎಂದು ನಕ್ಕೆ. ಸಾವು ಸುಳ್ಳೆಂಬುದೇನೋ ಸರಿ. ಹೆಬ್ಬಾಳದಲ್ಲಿ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ, ಕಿತ್ತಯ್ಯನೆಂಬವನ ವೀರಗಲ್ಲು ದೊರೆತಿದೆ. ಆತ ಸತ್ತದ್ದು ಒಂದೇ ಸಲ, ಆದ್ದರಿಂದ ಅವನಿಗೆ ಕಲ್ಲು. ನನ್ನ ಮೊಮ್ಮಗನ ಬಳಗದವರು ಒಂದು ರಾತ್ರಿಯಲ್ಲಿ ಹದಿನೈದು ಸಲ ಸಾಯಬಲ್ಲರು. ಆದರೆ ಕರ್ಣನ ಸಾವೇನು ಸತ್ಯವೆ? ಆ ಒಕ್ಕಲಿಗನೂ ಸತ್ತು ಬಿದ್ದು, ಪರದೆ ಇಳಿದ ಮೇಲೆ ಎದ್ದು ಬೀಡಿ ಹಚ್ಚುತ್ತಿದ್ದವನೇ. ಸಾವು ಸುಳ್ಳಾದ ಮಾತ್ರಕ್ಕೆ ಜೊತೆಗಾರಿಕೆ ಸುಳ್ಳಾಗದೆಂದು ಅಲ್ಲಿ ಒಪ್ಪಿದವನು ಇಲ್ಲಿ ಒಪ್ಪಬೇಡವೆ?

ಇದನ್ನು ಕಾಣದೆ ತೀರ್ಮಾನಿಸಬಾರದೆಂದು, ಒಂದು ತಿಂಗಳು ಕಳೆದ ಮೇಲೆ ತಂತಿಯನ್ನು ಹಿಂದಕ್ಕೆ ಕೊಟ್ಟು, "ನಾನೂ ಪಕ್ಕದಲ್ಲಿ ಕೂರ್ತೀನಿ ಕಣೋ, ನಡೆಸು" ಎಂದೆ. ಅವನಿಗೆ ಆಶ್ಚರ್ಯವೂ ಭಯವೂ ಆಯಿತು. ನಾನು ಅನೇಕ ರಾತ್ರಿ ಕುಳಿತು ನೋಡಿದೆ. ಯುದ್ಧ, ಮಾಯೆ, ರಾಕ್ಷಸರು ಎಂದುಕೊಂಡಿದ್ದವನಿಗೆ ಕಂಡದ್ದು ಬೇರೆ. ಮೊದಲನೆಯ ರಾತ್ರಿ ಒಂದೂವರೆ ಗಂಟೆಯ ಕಾಲ ಅವನು ಸೊಪ್ಪು ಕಿತ್ತನು. ಗುರುವಾರದ ದಂಡಯಾತ್ರೆಗೆ ಕಷಾಯ ಬೇಕು, ಕಷಾಯಕ್ಕೆ ಮೂಲಿಕೆ ಬೇಕು, ಮೂಲಿಕೆ ಬೆಟ್ಟದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದು, ಕಿತ್ತಲ್ಲಿ ಕೆಲವು ನಿಮಿಷಕ್ಕೆ ಮತ್ತೆ ಹುಟ್ಟುತ್ತದೆ, ಮತ್ತೆ ಕೀಳಬೇಕು. ಮನೆಗೆ ಬಾಡಿದ ಸೊಪ್ಪು ತರುವವನು ಅಲ್ಲಿ ಒಂದೆಲೆಯನ್ನೂ ಬಿಡಲಿಲ್ಲ. ಎರಡನೆಯ ರಾತ್ರಿ ಒಂದು ಕೆರೆಯ ದಡದಲ್ಲಿ ಕುಳಿತು ಮೀನಿಗೆ ಗಾಳ ಹಾಕಿದನು. ಬೆಂಡು ಅಲುಗಿದಾಗ ಗುಂಡಿ ಒತ್ತುವುದು, ಇಷ್ಟೇ ಕೆಲಸ, ನೂರಾರು ಸಲ. (ಯಲಹಂಕದ ಕೆರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿದೆ. ಚಳಿಗಾಲದಲ್ಲಿ ಹಕ್ಕಿ ನೋಡುವವರು ಬರುತ್ತಾರೆ. ಇವನು ಅದರ ದಡಕ್ಕೆ ಒಂದು ದಿನವೂ ಹೋದವನಲ್ಲ.) ಮೂರನೆಯ ರಾತ್ರಿ ಒಂದೇ ಜಾತಿಯ ಹಂದಿಗಳನ್ನು ಕೊಂದುದು. ನನಗೆ ತೂಕಡಿಕೆ ಬಂತು.

"ಬೇಜಾರಾಗೋದಿಲ್ವೇನೋ?" ಎಂದು ಕೇಳಿದೆ.

"ಆಗತ್ತೆ ತಾತ."

"ಮತ್ತೆ?"

ಅವನು ಕಣ್ಣು ತೆಗೆಯದೆ ಹೇಳಿದನು: "ಎಷ್ಟು ಸಲ ಬೇಜಾರು ಪಡಬೇಕು ಅಂತ ಇಲ್ಲಿ ಬರೆದಿರತ್ತೆ."

ತೆರೆಯ ಕೆಳಗಡೆ ಒಂದು ಗೆರೆಯಿತ್ತು. ಪ್ರತಿಯೊಂದು ಹಂದಿಗೂ ಅದು ಎಳ್ಳಿನಷ್ಟು ಬೆಳೆಯುತ್ತಿತ್ತು. ಅದು ತುಂಬಿದರೆ ಒಂದು ಮೆಟ್ಟಲು ಮೇಲಕ್ಕೆ. ಇದರಲ್ಲಿ ಮೋಸವಿಲ್ಲ, ಪಕ್ಷಪಾತವಿಲ್ಲ, ವಶೀಲಿಯಿಲ್ಲ. ಆ ಗಳಿಗೆಯಲ್ಲಿ ಈ ಆಟದ ಆಕರ್ಷಣೆ ಯಾವುದೆಂದು ನನಗೆ ಥಟ್ಟನೆ ಹೊಳೆಯಿತು. ನಮ್ಮ ಹುಡುಗರು ಓದುತ್ತಾರೆ. ಇಷ್ಟು ಓದಿದರೆ ಇಂಥ ಫಲವೆಂದು ಯಾರೂ ಹೇಳಲಾರರು. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನ ಬಾಗಿಲಲ್ಲಿ ಪ್ರತಿದಿನವೂ ಸಾವಿರಾರು ಜನ ಒಳಗೆ ಹೋಗುವುದನ್ನು ಈ ಹುಡುಗ ಬಸ್ಸಿನಿಂದ ನೋಡುತ್ತಾನೆ. ತನಗೆ ಅಲ್ಲಿ ಕುರ್ಚಿಯುಂಟೋ ಇಲ್ಲವೋ ಅವನಿಗೆ ತಿಳಿಯದು. ಅವನಿಗೆ ನಾನು ಉಪದೇಶಿಸುವುದೇನೆಂದರೆ, ಕೆಲಸದಲ್ಲಿಯೇ ನಿನಗೆ ಅಧಿಕಾರ, ಫಲದಲ್ಲಿ ಅಲ್ಲ ಎಂಬ ಗೀತೆಯ ಬೋಧೆ. ಪಿಂಚಣಿ ಬರುವವನ ಬಾಯಲ್ಲಿ ಆ ಮಾತು ಬಹಳ ಸಲೀಸು. ಆಟದ ಲೋಕ ಗೀತೆಗೆ ತಿರುಗುಮುರುಗಾದುದು: ಅಲ್ಲಿ ಫಲ ನಿಶ್ಚಿತ, ಕರ್ಮಕ್ಕೆ ಮಾತ್ರ ಅರ್ಥವಿಲ್ಲ.

ಹಾಗೆಂದು ಬೇಸರವನ್ನೇ ಹಳಿಯಲು ನನಗೆ ಬಾಯಿಲ್ಲ. ಚಾಮರಾಜಪೇಟೆಯ ಸಂಸ್ಕೃತ ಪಾಠಶಾಲೆಯಲ್ಲಿ ನಾನು ಕಲಿತದ್ದು ಹೇಗೆ? ಮುಂಜಾನೆ ಐದು ಗಂಟೆಗೆದ್ದು ಶಬ್ದರೂಪ, ಧಾತುರೂಪ, ಅಮರ. ಅರ್ಥವನ್ನು ಕೇಳಕೂಡದು, ಬಾಯಿಗೆ ಬರಬೇಕು. ಹಂದಿಗಳ ಬದಲು ವಿಭಕ್ತಿಗಳು. ಆ ಬೇಸರಕ್ಕೂ ಈ ಬೇಸರಕ್ಕೂ ಏನು ಭೇದ? ಆ ಬೇಸರದ ಗಳಿಕೆ ಆಡಿದವನ ಒಳಗೆ ನಿಲ್ಲುತ್ತದೆ, ಈ ಬೇಸರದ್ದು ಯಂತ್ರದಲ್ಲಿ ನಿಲ್ಲುತ್ತದೆ ಎಂದು ಮೊದಲು ಉತ್ತರ ಹೇಳಿಕೊಂಡೆ. ಇದು ಬಹುಮಟ್ಟಿಗೆ ನಿಜ. ಸಿಟಿ ಆಫ್ ಹೀರೋಸ್ ಎಂಬ ಆಟವನ್ನು ಅದರ ಒಡೆಯರು ೨೦೧೨ರ ನವೆಂಬರಿನಲ್ಲಿ ನಿಲ್ಲಿಸಿಬಿಟ್ಟರು; ಎಂಟು ವರ್ಷ ಅಲ್ಲಿ ಹತ್ತಿದ ಮೆಟ್ಟಲುಗಳೆಲ್ಲ ಒಂದೇ ರಾತ್ರಿಯಲ್ಲಿ ಇಲ್ಲವಾದುವು. ಅಮರಕೋಶವನ್ನು ಹಾಗೆ ಯಾರೂ ಮುಚ್ಚಲಾರರು. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ, ನಾನು ಬಾಯಿಪಾಠ ಮಾಡಿಸಿದ ಹುಡುಗರಲ್ಲಿ ಎಷ್ಟು ಜನರಲ್ಲಿ ಆ ಗಳಿಕೆ ಒಳಗೆ ನಿಂತಿದೆ? ಪೇಟೆಯಲ್ಲಿ ಸಿಕ್ಕಿದವರು ನಮಸ್ಕಾರ ಮಾಡಿ, "ಸಾರ್, ಒಂದೂ ನೆನಪಿಲ್ಲ" ಎಂದು ನಗುತ್ತಾರೆ.

ಇನ್ನೊಂದು ವಿಚಿತ್ರವನ್ನು ಹುಡುಗನೇ ಹೇಳಿದನು. ಈ ಆಟಗಳಲ್ಲಿ ಹಣವುಳ್ಳವರು ಬೇಸರದ ಭಾಗವನ್ನು ಕೂಲಿಗೆ ಕೊಡುವುದುಂಟಂತೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಚೀನಾ ದೇಶದಲ್ಲಿ ಬಡ ಯುವಕರು ಸಾಲಾಗಿ ಕುಳಿತು, ದಿನಕ್ಕೆ ಹನ್ನೆರಡು ಗಂಟೆ ಇಂಥ ಹಂದಿಗಳನ್ನೇ ಕೊಂದು ಆಟದ ಚಿನ್ನವನ್ನು ಗಳಿಸುತ್ತಿದ್ದರು. ಅದನ್ನು ಅಮೆರಿಕ, ಯೂರೋಪುಗಳ ಆಟಗಾರರು ನಿಜವಾದ ಹಣ ಕೊಟ್ಟು ಕೊಳ್ಳುತ್ತಿದ್ದರು. "ಇದೆಂಥ ಹುಚ್ಚು, ಆಟವನ್ನೂ ಆಳಿಟ್ಟು ಆಡಿಸುವುದೆ?" ಎಂದು ನಾನು ಉದ್ಗಾರ ತೆಗೆದ ಮಾರನೆಯ ದಿನವೇ, ಒಳಗಿನಿಂದ ನನ್ನ ಹೆಂಡತಿ, ಮೃತ್ಯುಂಜಯಜಪ ಮಾಡುವ ಪುರೋಹಿತರಿಗೆ ದಕ್ಷಿಣೆ ಕಳುಹಿಸಿದಿರಾ ಎಂದು ಕೇಳಿದಳು. ನಾನು ಮೌನ ವಹಿಸಿದೆ.

ಆದುದರಿಂದ ಬೇಸರದಲ್ಲಿ ಭೇದವಿಲ್ಲ. ಭೇದವಿರುವುದು ಮತ್ತೊಂದು ಕಡೆ. ಕುರುಕ್ಷೇತ್ರ ನಾಟಕದ ತಾಲೀಮು ಮೂರು ತಿಂಗಳು, ಆಟ ಒಂದು ರಾತ್ರಿ, ಬೆಳಗಿನ ಜಾವಕ್ಕೆ ಮಂಗಳ. ಮಂಗಳ ಹಾಡಿದೊಡನೆ ದುರ್ಯೋಧನನು ಮರುಮಾತಿಲ್ಲದೆ ಲಾರಿಯ ಚಾಲಕನಾಗಬೇಕು. ಆ ಬೇಸರಕ್ಕೊಂದು ದಡವುಂಟು. ಈ ಆಟಕ್ಕೆ ಮಂಗಳವೆಂಬುದನ್ನು ಕಟ್ಟಿಯೇ ಇಲ್ಲ. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ೨೦೦೪ರಲ್ಲಿ ಕೊನೆಯ ಮೆಟ್ಟಲು ೬೦, ಜನ ಅದನ್ನು ಮುಟ್ಟಿದರು, ೨೦೦೭ರಲ್ಲಿ ೭೦ ಆಯಿತು, ೨೦೦೮ರಲ್ಲಿ ೮೦. ಹೀಗೆಯೇ ಬೆಳೆದು ೧೨೦ ಆಗಿ, ಏಣಿ ಬಹಳ ಉದ್ದವಾಯಿತೆಂದು ತೋರಿ, ೨೦೨೦ರಲ್ಲಿ ಒಡೆಯರು ೧೨೦ರಲ್ಲಿದ್ದವರನ್ನು ೫೦ಕ್ಕೆ ಇಳಿಸಿ, ೬೦ರ ತನಕ ಮತ್ತೆ ಹತ್ತಿರೆಂದರು. ಹತ್ತಿದರು. ಇದನ್ನು ಕೇಳಿ ನನಗೆ ನಗು ಬರಲಿಲ್ಲ. ಆಟ ಮುಗಿದರೆ ಚಂದಾ ನಿಲ್ಲುತ್ತದೆ; ಆದಕಾರಣ ಆಟ ಮುಗಿಯಕೂಡದು. ಬೇಸರವು ಈ ಆಟದಲ್ಲಿ ಅಕಸ್ಮಾತ್ತಾಗಿ ಸೇರಿದ ದೋಷವಲ್ಲ. ಮುಗಿಯದಿರುವುದಕ್ಕಾಗಿ ಅದನ್ನು ಅಳತೆ ಮಾಡಿ ಬೆರೆಸಿದ್ದಾರೆ.

ಸರಕಾರವು ಇಂಥವಕ್ಕೆ ಏನಾದರೂ ಮಾಡಬೇಕೆಂದು ನಮ್ಮ ನೆರೆಯವರೊಬ್ಬರು ಆಗಾಗ ಹೇಳುತ್ತಾರೆ. ಕಾಯಿದೆಗಳು ಬಂದಿವೆ. ಕರ್ನಾಟಕವು ೨೦೨೧ರಲ್ಲಿ ಪಣವೊಡ್ಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು; ಉಚ್ಚ ನ್ಯಾಯಾಲಯವು ೨೦೨೨ರ ಫೆಬ್ರವರಿಯಲ್ಲಿ ಆ ತಿದ್ದುಪಡಿಯ ಮುಖ್ಯಭಾಗವನ್ನು ಹೊಡೆದುಹಾಕಿತು; ೨೦೨೫ರ ಆಗಸ್ಟಿನಲ್ಲಿ ಸಂಸತ್ತೇ ಹಣದ ಆಟಗಳನ್ನು ತಡೆಯುವ ಕಾನೂನನ್ನು ಅಂಗೀಕರಿಸಿತು. ಇವೆಲ್ಲ ಹಣದ ಪಣವನ್ನು ಕುರಿತವು. ಹುಡುಗನು ಒಡ್ಡುತ್ತಿರುವ ಪಣ ಹೊತ್ತು, ಅದಕ್ಕೆ ಕಾನೂನಿಲ್ಲ. ವೈದ್ಯದ ಮಾತು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ ೨೦೨೨ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಾಧಿಯೂ ಒಂದು: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕಾದರೂ ಬಿಡದಿರುವುದು, ಸಾಮಾನ್ಯವಾಗಿ ಹನ್ನೆರಡು ತಿಂಗಳು ಹೀಗಿರುವುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ೨೦೧೪ರಲ್ಲಿಯೇ ಇಂಥವರಿಗಾಗಿ ಒಂದು ಚಿಕಿತ್ಸಾಲಯವನ್ನು ತೆರೆಯಿತು. ಬೇಕಾದವರು ಸಂಕೋಚಪಡದೆ ಹೋಗತಕ್ಕದ್ದು. ನನ್ನ ಮೊಮ್ಮಗ ಉಣ್ಣುತ್ತಾನೆ, ನಿದ್ರಿಸುತ್ತಾನೆ, ಪರೀಕ್ಷೆಗಳಲ್ಲಿ ತೇರ್ಗಡೆಯಾಗುತ್ತಿದ್ದಾನೆ. ಅವನದು ವ್ಯಾಧಿಯಲ್ಲ, ಅಂದಿನದು ಧರ್ಮದ ತೊಡಕು.

ಆ ತೊಡಕು ಬಿಚ್ಚಿಕೊಂಡದ್ದು ನಾನು ನಿರೀಕ್ಷಿಸದ ಕಡೆಯಿಂದ. ಅವನ ಬಳಗದಲ್ಲಿ ದುಬೈನಲ್ಲಿ ಆಸ್ಪತ್ರೆಯ ದಾದಿಯಾಗಿರುವ ಮಂಗಳೂರಿನ ಹೆಣ್ಣುಮಗಳೊಬ್ಬಳಿದ್ದಾಳೆ. ಅಲ್ಲಿ ಆಕೆ ಕೊಡಲಿ ಹಿಡಿದ ದೈತ್ಯ. ನಾನು ಪಕ್ಕದಲ್ಲಿ ಕುಳಿತಿದ್ದ ಒಂದು ದಿನ, ಅಜ್ಜಿಯ ಕೈ ಹೇಗಿದೆಯೆಂದು ಆಕೆ ಕೇಳಿದಳು. ಈಕೆಗೆ ಹೇಗೆ ಗೊತ್ತೆಂದು ನಾನು ಬೆರಗಾದೆ. ಹುಡುಗ ತಲೆ ಕೆರೆದುಕೊಂಡು ಹೇಳಿದನು: ನಾನು ತಂತಿ ಕಿತ್ತ ಮೇಲೆ ಮೊಬೈಲಿನಲ್ಲಿ ಅವರಿಗೆ ಕಾರಣ ಬರೆದನಂತೆ, ಬರೆದೊಡನೆ ಹತ್ತೊಂಬತ್ತು ಜನರೂ ಅವನನ್ನು ಬೈದರಂತೆ. ಅದರಲ್ಲಿಯೂ ಈ ದೈತ್ಯ, "ಒಂದು ಮಾತು ಹೇಳಿದ್ರೆ ನಾವೆಲ್ಲ ನಿಲ್ತಿದ್ವಲ್ಲೋ ಮಾರಾಯ, ನಮಗೇನು ಮನೇಲಿ ಅಜ್ಜಿಯಂದಿರಿಲ್ವಾ?" ಎಂದು ಕೇಳಿದಳಂತೆ. ಅವನ ಬಾಯೆದುರಿಗೇ ಮೈಕು ಇತ್ತು. ಹನ್ನೊಂದು ನಿಮಿಷದಲ್ಲಿ ಆ ಒಂದು ಮಾತನ್ನು ಅವನು ಹೇಳಲಿಲ್ಲ.

"ಏಕೆ ಹೇಳಲಿಲ್ಲ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಮನೇಲಿ ಇದರ ಬಗ್ಗೆ ಮಾತಾಡೋ ಹಾಗಿಲ್ಲ, ಅಲ್ಲಿ ಮನೆ ಬಗ್ಗೆ ಮಾತಾಡಿ ಅಭ್ಯಾಸ ಇಲ್ಲ" ಎಂದನು.

ಕರ್ಣನ ವೇಷದವನ ಹೆಂಡತಿ ಎದುರಿಗೆ ಚಾಪೆಯ ಮೇಲೆ ಕುಳಿತಿದ್ದಳು. ಮೇಷ್ಟರಿಗೆ ಅವನ ಮನೆ ಗೊತ್ತು. ದುರ್ಯೋಧನನು ಅವನ ಷಡ್ಡಕ. ಅಣ್ಣ ಸತ್ತಿಲ್ಲ, ಸಾಯುತ್ತಿದ್ದಾನೆ ಎಂಬ ಸುದ್ದಿ ಬಂದಿದ್ದರೆ ಊರೇ ಅವನ ಕಿರೀಟವನ್ನು ಕಿತ್ತಿಟ್ಟು ಕಳುಹಿಸುತ್ತಿತ್ತು. ಮೇಷ್ಟರು ಬೆಳಗಿನ ತನಕ ಹಾರ್ಮೋನಿಯಂ ನುಡಿಸಿಯಾದರೂ ರಾತ್ರಿಯನ್ನು ನೂಕುತ್ತಿದ್ದರು. ಆಟಕ್ಕೂ ಮನೆಗೂ ನಡುವೆ ಒಂದು ಪರದೆಯಿತ್ತೇ ಹೊರತು ಗೋಡೆಯಿರಲಿಲ್ಲ. ನಮ್ಮ ಮನೆಯಲ್ಲಿ ಗೋಡೆಯನ್ನು ಕಟ್ಟಿದವರು ಯಾರು? ಬಾಗಿಲು ಹಾಕಿಕೊಂಡವನು ಅವನು. ಆ ಆಟದ ಹೆಸರೆತ್ತಿದಾಗಲೆಲ್ಲ ಮುಖ ಗಂಟಿಕ್ಕಿ, ಅವನು ಬಾಗಿಲು ಹಾಕಿಕೊಳ್ಳುವಂತೆ ಮಾಡಿದವನು ನಾನು. ಎರಡು ವರ್ಷದಲ್ಲಿ ಒಂದು ದಿನವಾದರೂ ಅವನ ವೇಷ ಯಾವುದೆಂದು ನಾನು ಕೇಳಿರಲಿಲ್ಲ.

ನಾರ್ವೆ ದೇಶದಲ್ಲಿ ಮಾಟ್ಸ್ ಸ್ಟೇನ್ ಎಂಬ ಯುವಕನಿದ್ದನು. ಮೈಯ ಸ್ನಾಯುಗಳೆಲ್ಲ ಕ್ರಮೇಣ ಕ್ಷಯಿಸುವ ಡುಶೆನ್ ಎಂಬ ರೋಗದಿಂದ ಗಾಲಿಕುರ್ಚಿಗೆ ಸೇರಿ, ೨೦೧೪ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಮಗ ಸ್ನೇಹಿತರನ್ನು ಕಾಣದೆ ಒಬ್ಬಂಟಿಯಾಗಿ ಹೋದನೆಂದು ತಂದೆತಾಯಿಗಳು ದುಃಖಿಸಿದರು. ಅವನು ಅಂತರ್ಜಾಲದಲ್ಲಿ ಬರೆಯುತ್ತಿದ್ದ ಪುಟದಲ್ಲಿ ತಂದೆ ಮರಣವಾರ್ತೆಯನ್ನು ಹಾಕಿದ ಮೇಲೆ, ಹೆಸರು ಕೇಳರಿಯದ ಜನರಿಂದ ಪತ್ರಗಳು ಬರತೊಡಗಿದುವು. ವರ್ಲ್ಡ್ ಆಫ್ ವಾರ್‌ಕ್ರಾಫ್ಟಿನಲ್ಲಿ ಐಬೆಲಿನ್ ಎಂಬ ವೇಷ ಧರಿಸಿ ಅವನು ವರ್ಷಗಟ್ಟಲೆ ನಡೆದಿದ್ದನು, ಓಡಿದ್ದನು, ಎಷ್ಟೋ ಜನರ ಸಂಕಟವನ್ನು ಕೇಳಿ ಸಂತೈಸಿದ್ದನು. ಅವರಲ್ಲಿ ಕೆಲವರು ಬೇರೆ ದೇಶಗಳಿಂದ ಅವನ ಅಂತ್ಯಕ್ರಿಯೆಗೆ ಬಂದರು. ಈ ವೃತ್ತಾಂತವು ೨೦೨೪ರಲ್ಲಿ ಚಲಚ್ಚಿತ್ರವಾಗಿ ಪ್ರಕಟವಾಯಿತು. ಮೊಮ್ಮಗ ನನಗೆ ತೋರಿಸಿದನು. ನನ್ನ ಮನಸ್ಸನ್ನು ಹಿಡಿದದ್ದು ಆ ಸ್ನೇಹಿತರಿಗಿಂತ ಹೆಚ್ಚಾಗಿ ಆ ತಂದೆ. ಗೋಡೆಯ ಈ ಕಡೆಯಲ್ಲಿದ್ದ ಅವನಿಗೆ, ಮಗನ ಬದುಕಿನ ಅರ್ಧಭಾಗ ತಿಳಿದದ್ದು ಮಗ ಹೋದ ಮೇಲೆ.

ನಮ್ಮ ಮನೆಯಲ್ಲಿ ಈಗ ಗುರುವಾರ ರಾತ್ರಿ ಕೋಣೆಯ ಬಾಗಿಲು ತೆರೆದಿರುತ್ತದೆ. ಹುಡುಗನು ಒಂದು ಕಿವಿಗೆ ಮಾತ್ರ ಹೆಡ್‌ಫೋನು ಹಾಕುತ್ತಾನೆ. ಉಳಿದ ದಿನಗಳ ಸೊಪ್ಪು ಕೀಳುವ ಕೆಲಸ ನನಗೆ ಈಗಲೂ ಹಿಡಿಸುವುದಿಲ್ಲ; ಅದನ್ನು ಅವನಿಗೆ ಹೇಳುತ್ತೇನೆ; ಅವನು ಅರ್ಧ ಒಪ್ಪುತ್ತಾನೆ, ಅರ್ಧ ಕಡಮೆ ಮಾಡಿದ್ದಾನೆ. ಆ ಅರ್ಧ ಸಾಕೇ ಎಂಬುದನ್ನು ನಾನು ನಿಶ್ಚಯಿಸಲಾರೆ. ಹನ್ನೊಂದೂವರೆಗೆ ನನ್ನ ಹೆಂಡತಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಅದು ಅವನಿಗೂ ಹತ್ತೊಂಬತ್ತು ಜನರಿಗೂ ಗೊತ್ತಾಗಿರುವ ಹೊತ್ತು. "ಅಜ್ಜಿ ಬಂದರು" ಎಂದು ಆ ಮಂಗಳೂರಿನ ದೈತ್ಯ ಸಾರುತ್ತಾಳೆ.

ಕಳೆದ ಗುರುವಾರ, ಆರು ವಾರದಿಂದ ಸೋಲದಿದ್ದ ರಾಕ್ಷಸನೊಬ್ಬನು ಕೊನೆಗೂ ಬಿದ್ದನು. ಹುಡುಗ ಕೂಗಿದ ಕೂಗಿಗೆ ಬೀದಿಯ ನಾಯಿಗಳು ಬೊಗಳಿದುವು. ಅವಳು ಹಾಲಿಗೆ ಹೆಪ್ಪು ಹಾಕುತ್ತಿದ್ದವಳು ಅಡಿಗೆಮನೆಯಿಂದಲೇ, "ಸತ್ತನೇನೋ ಅವನು? ಮುಗೀತಾ ಹಾಗಾದರೆ?" ಎಂದು ಕೇಳಿದಳು.

"ಸತ್ತ ಅಜ್ಜಿ. ಮುಂದಿನ ವಾರ ಮತ್ತೆ ಬರ್ತಾನೆ. ಇನ್ನೂ ಏಳೆಂಟು ವಾರ ಅವನನ್ನೇ ಕೊಲ್ಲಬೇಕು."

"ಅಯ್ಯೋ ನಿನ್ನ" ಎಂದು ಅವಳು ಪಾತ್ರೆಗೆ ತಟ್ಟೆ ಮುಚ್ಚಿದಳು.